ಮಾಳಿಗೆಯ ಮೇಲಿನ ಮೂಗು

ಔಷಧಿಯು ರೋಗಿಯ ಮಾತು ಕೇಳುವುದನ್ನು ಬಿಟ್ಟು ಗಾಳಿಯ ಮಾತು ಕೇಳಲು ಶುರುಮಾಡಿದ ಮೇಲೆ ದಾವಣಗೆರೆಯ ನಮ್ಮ ಭಟ್ಟಿ ಓಣಿಯಲ್ಲಿ ನನಗೆ ಇದ್ದಕ್ಕಿದ್ದಂತೆ ಮರ್ಯಾದೆ ಹೆಚ್ಚಾಯಿತು. ಅಲ್ಲಿಯವರೆಗೆ ನಾನು ಮಂಡಕ್ಕಿ ಭಟ್ಟಿ ಹಾಲೇಶನ ತಂಗಿ. ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ನೋಡಿಕೊಳ್ಳುವ, ಮದುವೆಗೆ ಒಪ್ಪದ, ಬಾಯಿ ಜೋರಿನ ಉಚ್ಚೆಂಗಿ. ಆಮೇಲೆ ‘ಮೂಗಿನ ಮೇಡಂ’ ಆದೆ.

ಮೂಗು ಅಂದರೆ ಟಿಫಿನ್ ಡಬ್ಬಿಯಷ್ಟಿರುವ ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಪುಟ್ಟ ಫ್ಯಾನು ಗಾಳಿಯನ್ನು ಎಳೆದುಕೊಳ್ಳುತ್ತದೆ, ಆ ಗಾಳಿಗೆ ಅಡ್ಡಲಾಗಿ ಲೇಸರ್ ಕಿರಣ ಹಾಯುತ್ತದೆ. ಹೊಗೆಯ ಕಣಗಳು ಬೆಳಕನ್ನು ಎಷ್ಟು ಚದುರಿಸುತ್ತವೋ ಅಂಕಿ ಅಷ್ಟು ಏರುತ್ತದೆ. ಬಿಸಿಲುಕೋಲಿನಲ್ಲಿ ಧೂಳು ಕುಣಿಯುವುದನ್ನು ಕಂಡವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ಸರ್ಕಾರದ ಕಾಗದಗಳಲ್ಲಿ ಇದಕ್ಕೆ ‘ವಾಯು ಕಣ ಸಂವೇದಕ’ ಎಂಬ ಹೆಸರಿದೆ. ಆ ಹೆಸರಿಂದ ಕರೆದವರನ್ನು ನಾನಿನ್ನೂ ಕಂಡಿಲ್ಲ. ನನ್ನಂಥ ಹವ್ಯಾಸಿಗಳು ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸಿದ ಮೂಗುಗಳು ಊರ ತುಂಬ ಇದ್ದವು. ಪರೀಕ್ಷೆಯಲ್ಲಿ ಪಾಸಾದವನ್ನು ಸರ್ಕಾರಿ ಗಾಳಿ ಕೇಂದ್ರದವರು ತಮ್ಮ ಜಾಲಕ್ಕೆ ಸೇರಿಸಿಕೊಳ್ಳುತ್ತಿದ್ದರು. ನನ್ನದು ಪಾಸಾಗಿತ್ತು.

ಆ ಜಾಲದ ಇನ್ನೊಂದು ತುದಿಯಲ್ಲಿ ಪಟ್ಟಿಗಳು. ಉಬ್ಬಸದವರು ತೋಳಿಗೆ ಕಟ್ಟಿಕೊಳ್ಳುವ ಪಟ್ಟಿ. ಉಬ್ಬಸ ಹತ್ತಿಕೊಂಡ ಮೇಲೆ ಕೊಡುವ ಔಷಧಿಗಿಂತ ಕೆಟ್ಟ ಗಾಳಿ ಎದೆಗಿಳಿಯುವ ಮೊದಲೇ ಕೊಟ್ಟದ್ದು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಗೊತ್ತಾಗಿತ್ತು. ಹಾಗಾಗಿ ಹತ್ತಿರದ ಮೂಗು ಕೆಂಪು ತೋರಿಸಿದರೆ ಪಟ್ಟಿ ಗುರ್ರೆಂದು ಒಮ್ಮೆ ನಡುಗಿ ಚರ್ಮದ ಮೂಲಕ ಔಷಧಿ ಬಿಡುತ್ತದೆ, ಹಸಿರು ತೋರಿಸಿದರೆ ಸುಮ್ಮನಿರುತ್ತದೆ. ಮೊದಮೊದಲ ಪಟ್ಟಿಗಳಲ್ಲಿ ಒತ್ತುವುದಕ್ಕೊಂದು ಗುಂಡಿ ಇತ್ತಂತೆ. ಹೆದರಿದ ತಾಯಂದಿರು ಮಗು ಸೀನಿದರೂ ಒತ್ತಿ ಒತ್ತಿ ಅನಾಹುತವಾದ ಮೇಲೆ ಗುಂಡಿ ತೆಗೆದುಹಾಕಿದರು. ಬಾಯಿಗಿಟ್ಟು ಎಳೆದುಕೊಳ್ಳುತ್ತಿದ್ದ ಹಳೆಯ ಪಂಪುಗಳನ್ನೂ, ಔಷಧಿ ದುಪ್ಪಟ್ಟು ಬೀಳುತ್ತದೆಂದು ಅಂಗಡಿಗಳಿಂದ ಎತ್ತಿಬಿಟ್ಟರು. ಮನುಷ್ಯರ ಹೆದರಿಕೆಗಿಂತ ಗಾಳಿಯ ಲೆಕ್ಕವನ್ನು ನಂಬುವುದು ವಾಸಿ ಎಂದು ದೊಡ್ಡವರು ತೀರ್ಮಾನಿಸಿದರು. ನಾನೂ ಸರಿಯೆಂದು ತಲೆಯಾಡಿಸಿದ್ದೆ.

ಊರು ಇದಕ್ಕೆ ಹೊಂದಿಕೊಂಡ ಚೆಂದ ನೋಡಬೇಕಿತ್ತು. ಮಿರ್ಚಿ ಕರಿಯುವ ಗಾಡಿಗಳು ಮೂಗಿರುವ ಮನೆಗಳಿಂದ ದೂರ ಸರಿದವು. ಯಾರ ಮನೆಯಲ್ಲಿ ಒಗ್ಗರಣೆ ಚಟಪಟ ಎಂದರೂ ಎದುರು ಮನೆಯವರು ಕಿಟಕಿಯಿಂದ ಇಣುಕಿದರು. ಜಗಳ ಜಾಸ್ತಿಯಾದಾಗ ಗಾಳಿ ಕೇಂದ್ರದವರು ಒಂದು ಏರ್ಪಾಡು ಮಾಡಿದರು: ಅಂಕಿ ದಿಢೀರನೆ ಏರಿ ಬೇಗ ಇಳಿದರೆ ಲೆಕ್ಕಕ್ಕಿಲ್ಲ, ಹೊಗೆ ಸ್ವಲ್ಪ ಹೊತ್ತು ನಿಂತರೆ ಮಾತ್ರ ಪಟ್ಟಿಗಳಿಗೆ ಸುದ್ದಿ. ನಾವು ಹವ್ಯಾಸಿಗಳು ಅದನ್ನು ‘ಒಗ್ಗರಣೆ ಜರಡಿ’ ಎನ್ನುತ್ತಿದ್ದೆವು.

ಭಟ್ಟಿಗಳೂ ಬದಲಾದವು. ಮಂಡಕ್ಕಿ ಹುರಿಯುವ ಮರಳನ್ನು ಹೊಟ್ಟು, ಸೌದೆ ಉರಿಸಿ ಕಾಯಿಸುತ್ತಿದ್ದವರು ಕರೆಂಟಿನ ಕಾಯಿಲ್ ಹಾಕಿಸಿಕೊಂಡರು. ಒಲೆಯ ಮೇಲೊಂದು ತಗಡಿನ ಹೊಗೆಗೂಡು, ಅದರೊಳಗೆ ಬಿರುಸಾಗಿ ಎಳೆಯುವ ಫ್ಯಾನು. ನಮ್ಮ ಮನೆಯ ಕೆಳಗೆ ಹಿಂಭಾಗದಲ್ಲಿ ಅಣ್ಣನ ಭಟ್ಟಿ, ಮುಂಭಾಗದಲ್ಲಿ ನನ್ನ ಕೋಣೆ. ಮೇಲೆ ಅಣ್ಣ, ದಾಕ್ಷಾಯಣಿ ಅತ್ತಿಗೆ, ಅವರ ಮಗಳು ಇಂಚರ. ಅದರ ಮೇಲೆ ಬಯಲು ಮಾಳಿಗೆ. ಬೀದಿಯ ಧೂಳು ತಾಗದಿರಲೆಂದು ಮೂಗನ್ನು ಮಾಳಿಗೆಯ ಹಿಂದಿನ ಮೂಲೆಗೆ ಕಟ್ಟಿದ್ದೆ.

ಇಂಚರ ಮೂರನೇ ಕ್ಲಾಸು. ಬಾಯಿ ನನ್ನದೇ, ಎದೆ ಮಾತ್ರ ಯಾರದೋ. ಹೋದ ಚಳಿಗಾಲದಲ್ಲಿ ಉಬ್ಬಸ ಬಂದು ಆಸ್ಪತ್ರೆ ಸೇರಿದವಳು ಬದುಕಿ ಮನೆಗೆ ಬರುತ್ತಾಳೆ ಎಂಬ ನಂಬಿಕೆ ನಮಗ್ಯಾರಿಗೂ ಇರಲಿಲ್ಲ. ಪಟ್ಟಿ ಕಟ್ಟಿಸಿದ ಮೇಲೆ ಮಗು ಓಡಿತು, ಹಗ್ಗ ಜಿಗಿಯಿತು, ನನ್ನನ್ನು ಅಣಕಿಸಿತು. ಆಮೇಲೊಂದು ದಿನ ಅವಳ ಕೈ ನಡುಗಲು ಶುರುವಾಯಿತು.

ಬೆಳಿಗ್ಗೆ ಹಾಲಿನ ಲೋಟ ಹಿಡಿದರೆ ಅರ್ಧ ಚೆಲ್ಲುತ್ತಿತ್ತು. ಶಾಲೆಯಲ್ಲಿ ಮೊದಲ ಪೀರಿಯಡ್ಡಿನ ಅಕ್ಷರಗಳೆಲ್ಲ ಸೊಟ್ಟಗೆ, ಮಧ್ಯಾಹ್ನದವು ನೆಟ್ಟಗೆ. ಒಂದು ದಿನ ನನ್ನ ಕೈ ಹಿಡಿದು ತನ್ನ ಎದೆಯ ಮೇಲಿಟ್ಟುಕೊಂಡಳು.

“ಅತ್ತೆ, ಒಳಗ ಯಾರೋ ಓಡ್ತಿದಾರೆ ನೋಡು.”

ನಿಜಕ್ಕೂ ಓಡುತ್ತಿತ್ತು. ಅಂದೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಡಾಕ್ಟರ್ ಸಮೀನಾ ಪಟ್ಟಿಯ ನೆನಪನ್ನು ತಮ್ಮ ಪರದೆಯ ಮೇಲೆ ತೆರೆದು ನೋಡಿದರು. “ಔಷಧಿ ಜಾಸ್ತಿ ಬೀಳ್ತಿದೆ. ದಿನಾ ನಸುಕಿನಲ್ಲಿ ನಿಮ್ಮ ಓಣಿ ಕೆಂಪು. ಏನು ಸುಡ್ತೀರಿ ಅಷ್ಟೊತ್ತಿಗೆ?”

“ಏನೂ ಇಲ್ರಿ,” ಎಂದ ಅಣ್ಣ. “ಎಂಟರ ತನಕ ನಾವು ಭಟ್ಟಿ ಸ್ವಿಚ್ಚೇ ಹಾಕಂಗಿಲ್ಲ.”

“ಹಾಗಾದ್ರೆ ಮೂಗು ಸುಳ್ಳು ಹೇಳ್ತಿದೆ. ಸೋಮವಾರದೊಳಗೆ ಸರಿಹೋಗದಿದ್ರೆ ಪಟ್ಟಿ ಬಿಚ್ಚಿಸ್ತೀನಿ. ಈ ವಯಸ್ಸಿನ ಎದೆಗೆ ಈ ಓಟ ಒಳ್ಳೇದಲ್ಲ.”

“ಬಿಚ್ಚಿದ್ರೆ ಚಳಿಗಾಲದಾಗ ಏನ್ ಮಾಡೋದ್ರಿ?” ಎಂದು ಅತ್ತಿಗೆ ಕೇಳಿದಳು. ಡಾಕ್ಟರ್ ನನ್ನ ಮುಖ ನೋಡಿದರು. ಎಲ್ಲರೂ ನನ್ನ ಮುಖವನ್ನೇ ನೋಡಿದರು. ಮೂಗು ನನ್ನದಲ್ಲವೇ.

ಮನೆಗೆ ಬಂದವಳೇ ಗಾಳಿ ಕೇಂದ್ರಕ್ಕೆ ಫೋನ್ ಹಚ್ಚಿದೆ. ನಮ್ಮ ಭಾಗದ ಮೂಗುಗಳನ್ನು ನೋಡಿಕೊಳ್ಳುವ ತಿಪ್ಪೇಶ ಎನ್ನುವವನು ಯಾವಾಗಲೂ ಏನನ್ನೋ ಅಗಿಯುತ್ತಲೇ ಮಾತಾಡುತ್ತಾನೆ.

“ನನ್ನ ಮೂಗು ಜಾಲದಿಂದ ತೆಗೆದುಬಿಡಪ್ಪ, ರಿಪೇರಿ ಮಾಡೋ ತನಕ.”

“ತೆಗೀತೀನಿ ಮೇಡಂ. ಆದ್ರೆ ನಿಮ್ಮ ಅಣ್ಣನ ಮಗಳ ಪಟ್ಟಿ ಸುಮ್ನಿರಲ್ಲ, ಮುಂದಿನ ಮೂಗು ಹುಡುಕ್ಕಂಡು ಹೋಗ್ತೈತಿ. ಅದು ಬಸ್ ಸ್ಟ್ಯಾಂಡಿಂದು. ಇಡೀ ದಿನ ಕೆಂಪು. ನಡೀತೈತಾ?”

ನಡೆಯುವುದಿಲ್ಲ ಎಂದು ಫೋನ್ ಇಟ್ಟೆ. ಇದ್ದಲ್ಲೇ, ಕೆಲಸ ಮಾಡುತ್ತಿರುವಾಗಲೇ ಅದನ್ನು ಸರಿಮಾಡಬೇಕಿತ್ತು.

ಡಬ್ಬಿ ಬಿಚ್ಚಿದಾಗ ಒಳಗೊಂದು ಜೇಡ ಸಂಸಾರ ಹೂಡಿತ್ತು. ಲೇಸರ್ ಹಾಯುವ ಕಿಂಡಿಗೆ ಅಡ್ಡಲಾಗಿ ಎಳೆಯೊಂದನ್ನು ಕಟ್ಟಿತ್ತು. ಇಷ್ಟೇನಾ ಎಂದು ಖುಷಿಯಾಗಿ ಊದಿ, ಒರೆಸಿ, ಮತ್ತೆ ಜೋಡಿಸಿದೆ. ಊಟಕ್ಕೆ ಕೂತಾಗ ಅತ್ತಿಗೆ ನಿಧಾನವಾಗಿ ಶುರುಮಾಡಿದಳು.

“ಮಗೀಗೆ ಯಾರ್ದೋ ಕಣ್ಣು ತಾಗೈತಿ ಉಚ್ಚೆಂಗವ್ವ. ಪಟ್ಟಿ ಕಟ್ಟಿದಾಗಿಂದ ಓಣಿ ಮಂದಿ ಎಲ್ಲಾ ಅದನ್ನ ನೋಡಿದ್ದೇ ನೋಡಿದ್ದು.”

“ಕಣ್ಣಲ್ರಿ ಅತ್ತಿಗೆ, ಜೇಡ. ಹಿಡಿದು ಆಚೆ ಹಾಕೀನಿ. ಇನ್ನೊಮ್ಮೆ ಕಣ್ಣು ಗಿಣ್ಣು ಅಂದ್ರೆ ನಂಗೆ ಸಿಟ್ಟು ಬರ್ತೈತಿ.”

ಅಣ್ಣ ನಕ್ಕ. ಅತ್ತಿಗೆ ನಗಲಿಲ್ಲ. ಮತ್ತೆ ಆ ಮಾತನ್ನು ನನ್ನೆದುರು ಎತ್ತಲೂ ಇಲ್ಲ.

ಮಾರನೇ ಬೆಳಿಗ್ಗೆ ಫೋನಿನಲ್ಲಿ ಗ್ರಾಫ್ ನೋಡಿದರೆ ಕೆಂಪು ಇನ್ನೂ ದಪ್ಪಗಾಗಿತ್ತು. ಇಂಚರಳ ಕೈಯಿಂದ ಚಮಚ ಜಾರಿ ಬಿತ್ತು. ಬೀದಿಗೆ ಬಂದರೆ ಎದುರು ಮನೆಯ ಈರಣ್ಣಜ್ಜ ಜಗಲಿಯ ಮೇಲೆ ಕೂತು ಚಾ ಕುಡಿಯಲು ಹೆಣಗುತ್ತಿದ್ದರು. ರಿಟೈರಾದ ಬಸ್ ಕಂಡಕ್ಟರ್. ನನ್ನ ಮೂಗಿನ ಮಾತು ಕೇಳುವ ಇನ್ನೊಂದು ಪಟ್ಟಿ ಅವರ ತೋಳಿನಲ್ಲಿತ್ತು.

“ಬೆಳಿಗ್ಗೆ ಬೆಳಿಗ್ಗೆ ಚಾ ಕಪ್ಪು, ಹರಿಹರ ಬಸ್ಸಿನಂಗ ಕುಣಿತೈತಿ ತಾಯಿ,” ಎಂದರು. “ವಯಸ್ಸಾತು, ಬಿಡು.”

ವಯಸ್ಸಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಮುಂದಿನ ಅನುಮಾನ ಇಬ್ಬನಿಯ ಮೇಲೆ. ಒದ್ದೆ ಗಾಳಿಯಲ್ಲಿ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ, ಬಡಪಾಯಿ ಲೇಸರ್ ಅವನ್ನೇ ಹೊಗೆಯೆಂದು ಎಣಿಸುತ್ತದೆ. ಗಾಳಿ ಒಳಬರುವ ನಳಿಕೆಗೆ ತಂತಿ ಸುತ್ತಿ ಬೆಚ್ಚಗಾಗುವಂತೆ ಮಾಡಿದೆ. ಕೆಂಪು ಕದಲಲಿಲ್ಲ. ಫ್ಯಾನು ಬದಲಿಸಿದೆ, ಕರೆಂಟಿನ ಅಡಾಪ್ಟರ್ ಬದಲಿಸಿದೆ, ಪ್ರೋಗ್ರಾಮನ್ನು ಅಳಿಸಿ ಹೊಸದಾಗಿ ತುಂಬಿದೆ. ಕೆಂಪು ನನ್ನನ್ನು ಅಣಕಿಸುತ್ತ ದಿನವೂ ಒಂದಿಷ್ಟು ಮೇಲೇರಿತು. ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಲ್ಯಾಬಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಕಚ್ಚುವಂತೆ ಉತ್ತರಿಸುತ್ತಿದ್ದೆ.

ಶುಕ್ರವಾರ, ಸಂಜೆಯ ಹೊತ್ತಿಗೆ ತಂದು ಕಟ್ಟುತ್ತೇನೆ, ಅಲ್ಲಿಯತನಕ ಕೊನೆಯ ಹಸಿರು ಅಂಕಿಯನ್ನೇ ಹಿಡಿದಿಡು ಎಂದು ತಿಪ್ಪೇಶನನ್ನು ಒಂದೇ ದಿನದ ಮಟ್ಟಿಗೆ ಒಪ್ಪಿಸಿ, ಮೂಗನ್ನು ಲ್ಯಾಬಿಗೆ ಒಯ್ದೆ. ಗಾಜಿನ ಪೆಟ್ಟಿಗೆಯೊಳಗೆ ಅದನ್ನೂ ಕಾಲೇಜಿನ ದುಬಾರಿ ಯಂತ್ರವನ್ನೂ ಅಕ್ಕಪಕ್ಕ ಇಟ್ಟು, ಸೋಸಿದ ಶುದ್ಧ ಗಾಳಿ ಬಿಟ್ಟೆ. ಎರಡೂ ಸೊನ್ನೆ. ಊದುಬತ್ತಿಯ ಹೊಗೆ ಬಿಟ್ಟೆ. ಎರಡೂ ಜೊತೆಯಾಗಿ ಏರಿದವು, ಜೊತೆಯಾಗಿ ಇಳಿದವು. ಎಷ್ಟು ಸಲ ಮಾಡಿದರೂ ಅಷ್ಟೇ. ಲ್ಯಾಬಿನಲ್ಲಿ ಸತ್ಯಹರಿಶ್ಚಂದ್ರನಾಗಿದ್ದ ಡಬ್ಬಿ ಮಾಳಿಗೆ ಹತ್ತಿದ ಕೂಡಲೇ ಸುಳ್ಳುಬುರುಕನಾಗುವುದು ಹೇಗೆ? ಪೆಟ್ಟಿಗೆಯ ಗಾಜಿಗೆ ಹಣೆ ಒತ್ತಿ ನಿಂತುಬಿಟ್ಟೆ. ಅಳು ಬಂತು.

ಸಂಜೆ ಕಾಲೇಜಿನ ಇನ್ನೊಂದು ಮೂಗನ್ನು ಕೇಳಿ ತಂದೆ. ನನ್ನದನ್ನು ಅದರ ಹಿಂದಿನ ಮೂಲೆಯಲ್ಲೇ ಕಟ್ಟಿ, ಕಾಲೇಜಿನದನ್ನು ಮಾಳಿಗೆಯ ಮುಂಭಾಗಕ್ಕೆ, ಬೀದಿಯ ಕಡೆ ಕಟ್ಟಿದೆ. ಶನಿವಾರ ಬೆಳಿಗ್ಗೆ ಗ್ರಾಫ್ ನೋಡಿದರೆ ಹಿಂದಿನದು ಕೆಂಪು, ಮುಂದಿನದು ಹಸಿರು. ಒಂದೇ ಮಾಳಿಗೆ, ಎರಡು ಮಾತು. ರಾತ್ರಿಗೆ ಎರಡನ್ನೂ ಅದಲುಬದಲು ಮಾಡಿದೆ. ಭಾನುವಾರ ಬೆಳಿಗ್ಗೆ ಹಿಂದಕ್ಕೆ ಹೋದ ಕಾಲೇಜಿನದು ಕೆಂಪಾಗಿತ್ತು, ಮುಂದಕ್ಕೆ ಬಂದ ನನ್ನದು ತಣ್ಣಗೆ ಹಸಿರಾಗಿತ್ತು. ಅಂದು ಇಂಚರ ಹಾಲು ಚೆಲ್ಲಲಿಲ್ಲ. ಈರಣ್ಣಜ್ಜನ ಚಾ ಕಪ್ಪೂ ಕುಣಿಯಲಿಲ್ಲ.

ಹಾಗಾದರೆ ತಪ್ಪು ಡಬ್ಬಿಯದಲ್ಲ, ಜಾಗದ್ದು. ಹಿಂದಿನ ಓಣಿಯಲ್ಲಿ ಯಾರೋ ನಸುಕಿನಲ್ಲಿ ಕಸ ಸುಡುತ್ತಿರಬೇಕು, ಹೊಗೆ ನಮ್ಮ ಗೋಡೆ ಹಿಡಿದು ಮೇಲೇರುತ್ತಿರಬೇಕು ಎಂದುಕೊಂಡೆ. ಎಂದುಕೊಂಡೆ, ಅಷ್ಟೇ. ಹೋಗಿ ನೋಡಲಿಲ್ಲ. ಬೆಳಗಿನ ಸವಿನಿದ್ದೆಯನ್ನು ಬಿಟ್ಟು ಆ ಮೂಲೆಗೆ ಹೋಗಿ, ದೇವರು ಕೊಟ್ಟ ಮೂಗಿನಿಂದ ಒಮ್ಮೆ ಮೂಸಿದ್ದರೆ ಸಾಕಿತ್ತು. ಗ್ರಾಫ್ ಇರುವಾಗ ಮೂಸುವುದೇಕೆ? ತಿಪ್ಪೇಶನಿಗೆ ಫೋನ್ ಮಾಡಿ ನನ್ನ ಮೂಗನ್ನು ಕಾಯಮ್ಮಾಗಿ ಮುಂದಕ್ಕೆ ಬರೆಸಿದೆ. “ಜಾಗ ಬದಲಾದ ಮೂಗಿನ ಮೇಲೆ ಸ್ವಲ್ಪ ದಿನ ಕಣ್ಣಿಟ್ಟಿರ್ತೀವಿ ಮೇಡಂ, ತಪ್ಪು ತಿಳ್ಕಾಬ್ಯಾಡ್ರಿ,” ಎಂದ ಅವನು. ಇಟ್ಟುಕೋ ಎಂದೆ.

ಆ ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಹಬ್ಬದ ಕಳೆ. “ಡಾಕ್ಟ್ರಿಗೆ ಹೇಳ್ರಿ, ಮೂಗು ಸರಿ ಆತು, ಪಟ್ಟಿ ಬಿಚ್ಚೋದು ಬ್ಯಾಡ ಅಂತ,” ಎಂದು ಬೀಗಿದೆ. ಅಣ್ಣ ನನ್ನ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದ. ಅತ್ತಿಗೆ ಮಾತ್ರ ಮಗಳ ಕೈಯನ್ನೇ ನೋಡುತ್ತಿದ್ದಳು. ಒಂದು ದಿನ ನಡುಗದಿದ್ದರೆ ವಾಸಿಯಾಯಿತೆಂದು ನಂಬುವ ಹೆಂಗಸಲ್ಲ ಅವಳು.

ಸೋಮವಾರ ಬೆಳಕು ಹರಿಯುವ ಮುಂಚೆ ನನ್ನನ್ನು ಎಬ್ಬಿಸಿದ್ದು ನನ್ನದೇ ಕೆಮ್ಮು. ಗಂಟಲಿಗೆ ಯಾರೋ ಖಾರದ ಪುಡಿ ತೂರಿದಂತಿತ್ತು. ಕಣ್ಣು ಉರಿ. ಬಾಗಿಲು ತೆಗೆದು ಭಟ್ಟಿಯ ಕಡೆ ಓಡಿದೆ. ಕಾಯಿಲ್ ಕೆಂಪಗೆ ಕಾದಿತ್ತು. ಮರಳಿನ ಬಾಣಲೆಯ ಮುಂದೆ ಅತ್ತಿಗೆ ಸೆರಗಿನ ತುಂಬ ಒಣಮೆಣಸಿನಕಾಯಿ ಕಟ್ಟಿಕೊಂಡು ನಿಂತಿದ್ದಳು. ಬಿಸಿ ಮರಳಿನ ಮೇಲೆ ಉಪ್ಪು ಚಟಚಟ ಸಿಡಿಯುತ್ತಿತ್ತು, ಮೆಣಸಿನಕಾಯಿ ಕಪ್ಪಾಗಿ ಹೊಗೆಯಾಡುತ್ತಿತ್ತು. ಅವಳು ಕೆಮ್ಮುತ್ತಿದ್ದಳು, ಅಳುತ್ತಿದ್ದಳು, ನಗುತ್ತಲೂ ಇದ್ದಳು.

“ಘಾಟು ಬಂತು ಉಚ್ಚೆಂಗವ್ವ! ಇವತ್ತು ಘಾಟು ಬಂತು! ಹೋತು ನೋಡು ದೃಷ್ಟಿ!”

ದೃಷ್ಟಿ ತೆಗೆಯುವುದು ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮವ್ವ ನನಗೂ ತೆಗೆದವಳೇ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದಾಗ ಘಾಟೆದ್ದು ಎಲ್ಲರೂ ಕೆಮ್ಮಿದರೆ ಹೆದರಿಕೆಯಿಲ್ಲ, ಘಾಟೇ ಬರದಿದ್ದರೆ ದೃಷ್ಟಿ ದೊಡ್ಡದು, ಇನ್ನಷ್ಟು ತೆಗೆಯಬೇಕು.

“ದಿನಾ ತೆಗಿತಿದ್ರಾ?” ಎಂದೆ.

“ಓಣಿ ಮಂದಿ ಪಟ್ಟಿ ನೋಡಾಕ ಹತ್ತಿದಾಗ ಮೊದಲ ಸಲ ತೆಗೆದೆ, ಘಾಟು ಬರ್ಲಿಲ್ಲ. ಆಮ್ಯಾಲ ಕೈ ನಡುಗಾಕ ಹತ್ತಿತು, ಅವತ್ತಿಂದ ದಿನಾ. ಮನಿ ಒಲೆಯಾಗ ಬೆಂಕೀನೇ ಇಲ್ಲಲ್ಲ, ಕೆಂಡದಂಗ ಕಾಯೋದು ಈ ಮರಳೊಂದೇ, ಅದಕ್ಕ ಇಲ್ಲಿ ಬರ್ತಿದ್ದೆ. ಎಷ್ಟು ಹಾಕಿದ್ರೂ ಘಾಟು ಬರ್ತಿರ್ಲಿಲ್ಲ. ಒಂದೊಂದೇ ಹಾಕ್ತಾ ನಿಂದ್ರತಿದ್ದೆ, ಎದಿ ಒಡೆದಂಗ ಆಗ್ತಿತ್ತು. ನಿನ್ನೆ ಹೊಳೀತು, ಈ ಫ್ಯಾನು ಎಲ್ಲಾ ಎಳ್ಕಂಡು ಹೋಗ್ತೈತಿ, ಘಾಟು ಬಂದೀತಾದ್ರೂ ಹೆಂಗ ಅಂತ. ಇವತ್ತು ಫ್ಯಾನ್ ಆಫ್ ಮಾಡ್ದೆ ನೋಡು!”

ಅಷ್ಟರಲ್ಲಿ ಮೇಲಿನಿಂದ ಆ ಸದ್ದು ಬಂತು. ಒಮ್ಮೆ ಕೇಳಿದವರು ಮರೆಯದ ಸದ್ದು, ಗಾಳಿ ಹೊರಗೆ ಹೋಗಲು ದಾರಿ ಸಿಗದೆ ಸಿಳ್ಳೆ ಹಾಕುವುದು.

ಮೆಟ್ಟಿಲು ಹತ್ತುವಷ್ಟರಲ್ಲಿ ನನಗೆ ಎಲ್ಲವೂ ಹೊಳೆದಿತ್ತು. ಹೊಗೆಗೂಡಿನ ಬಾಯಿ ಇರುವುದು ಹಿಂದಿನ ಗೋಡೆಯಲ್ಲಿ, ನನ್ನ ಮೂಗಿನ ಹಳೆಯ ಜಾಗದ ಕೆಳಗೆ. ಅವಳು ಮೆಣಸಿನಕಾಯಿ ಸುಟ್ಟಳು, ಮೂಗು ಕೆಂಪಾಯಿತು, ಪಟ್ಟಿ ಔಷಧಿ ಬಿಟ್ಟಿತು, ಮಗುವಿನ ಕೈ ನಡುಗಿತು. ಕೈ ನಡುಗಿದ್ದು ನೋಡಿ ಅವಳು ಮರುದಿನ ಇನ್ನಷ್ಟು ಸುಟ್ಟಳು. ಮೂಗು ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ನಾನು ನನ್ನ ಯಂತ್ರವನ್ನು ರಿಪೇರಿ ಮಾಡುತ್ತಿದ್ದಂತೆ ಅವಳೂ ತನ್ನದನ್ನು ರಿಪೇರಿ ಮಾಡುತ್ತಿದ್ದಳು. ಇಬ್ಬರ ರಿಪೇರಿಯೂ ಕೈಗೂಡಿತ್ತು. ಫ್ಯಾನು ನಿಂತು ಹೊಗೆಯೆಲ್ಲ ಮೆಟ್ಟಿಲು ಹತ್ತಿ ಮಗುವಿನ ಕೋಣೆ ಹೊಕ್ಕಿತ್ತು; ಬೀದಿಯ ಕಡೆಯ ಶುದ್ಧ ಗಾಳಿಯಲ್ಲಿ ಕೂತ ನನ್ನ ಮೂಗು ಎಲ್ಲ ಸರಿಯಿದೆ ಎನ್ನುತ್ತಿತ್ತು.

ಇಂಚರ ಹಾಸಿಗೆಯ ಮೇಲೆ ಎರಡೂ ಕೈ ಊರಿ ಕೂತಿದ್ದಳು. ಭುಜ ಕಿವಿಯವರೆಗೆ ಏರಿ ಇಳಿಯುತ್ತಿತ್ತು. ತೋಳಿನ ಪಟ್ಟಿಯ ಮೇಲೆ ಹಸಿರು ಚುಕ್ಕೆ.

ಅಣ್ಣ ಅವಳನ್ನು ಎತ್ತಿಕೊಂಡು ಮುಂದಿನ ಜಗಲಿಗೆ ಓಡಿದ. ಆಂಬುಲೆನ್ಸಿಗೆ ಫೋನ್ ಮಾಡಿದ, ದಾರಿಯಲ್ಲಿದೆ ಎಂದರು. ಹೊರಗಿನ ಗಾಳಿ ಒಳ್ಳೆಯದೇ, ಆದರೆ ಹತ್ತಿಕೊಂಡ ಉಬ್ಬಸ ಒಳ್ಳೆಯ ಗಾಳಿಗೆ ಇಳಿಯುವುದಿಲ್ಲ. ತುಟಿಯ ಅಂಚು ಬಣ್ಣ ಬದಲಿಸುತ್ತಿತ್ತು. ಬೇಕಾದ ಔಷಧಿ ಅವಳ ತೋಳಿನ ಮೇಲೆಯೇ ಇತ್ತು. ಅತ್ತಿಗೆ ಪಟ್ಟಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. “ಬಿಡಲೇ! ಔಷಧಿ ಬಿಡು! ಉಚ್ಚೆಂಗಿ, ಇದಕ್ಕೆ ಹೇಳೇ!”

ಯಾರಿಗೆ ಹೇಳುವುದು? ಅದು ಕೇಳುವುದು ಮಾಳಿಗೆಯ ಮೇಲಿನ ಮೂಗಿನ ಮಾತನ್ನು ಮಾತ್ರ.

“ಮೆಣಸಿನಕಾಯಿ ಕೊಡ್ರಿ,” ಎಂದೆ.

ಅವಳಿಗೆ ಅರ್ಥವಾಯಿತೋ ಇಲ್ಲವೋ, ಸೆರಗನ್ನು ಬಿಚ್ಚಿ ಇದ್ದಷ್ಟನ್ನೂ ನನ್ನ ಉಡಿಗೆ ಸುರಿದಳು. ನಾನು ಭಟ್ಟಿಗೆ ಓಡಿ ಫ್ಯಾನಿನ ಸ್ವಿಚ್ ಹಾಕಿ, ಹಿಡಿಕೆಯ ಬಾಂಡ್ಲಿಯಲ್ಲಿ ಕಾದ ಮರಳು ಬಾಚಿಕೊಂಡು ಮಾಳಿಗೆ ಹತ್ತಿದೆ. ಕೈ ಸುಡುತ್ತಿದ್ದುದು ಆಗ ಗೊತ್ತಾಗಲಿಲ್ಲ. ಬಾಂಡ್ಲಿಯನ್ನು ಮುಂದಿನ ಕಟ್ಟೆಯ ಮೇಲೆ, ಮೂಗಿನ ಕೆಳಗಿಟ್ಟು ಮೆಣಸಿನಕಾಯಿ ಸುರಿದೆ. ಹೊಗೆ ಆಚೀಚೆ ಹೋಗದಂತೆ ನನ್ನ ವೇಲನ್ನು ಮೂಗಿನ ಮೇಲೆ ಹೊದಿಸಿ, ಅದರ ಅಂಚು ಹಿಡಿದುಕೊಂಡು ನಿಂತೆ.

ಫೋನಿನಲ್ಲಿ ಅಂಕಿ ಜಿಗಿಯಿತು. ಕೆಂಪು, ಕಡುಗೆಂಪು. ಆದರೆ ಪಕ್ಕದಲ್ಲೊಂದು ಪುಟ್ಟ ಗುರುತು ತಿರುಗುತ್ತಲೇ ಇತ್ತು. ಜರಡಿ. ಇದು ಒಗ್ಗರಣೆಯೋ ನಿಜವಾದ ಹೊಗೆಯೋ ಎಂದು ಅದು ಕಾದು ನೋಡುತ್ತಿತ್ತು. ಕೆಳಗಿನಿಂದ ಸಿಳ್ಳೆಯ ಸದ್ದು ಸಣ್ಣದಾಗುತ್ತ ಬಂತು. ಉಬ್ಬಸದಲ್ಲಿ ಸದ್ದು ಸಣ್ಣದಾಗುವುದು ಒಳ್ಳೆಯ ಲಕ್ಷಣವಲ್ಲ.

ಫೋನ್ ರಿಂಗಾಯಿತು. ತಿಪ್ಪೇಶ. ಇಂದು ಏನನ್ನೂ ಅಗಿಯುತ್ತಿರಲಿಲ್ಲ.

“ಮೇಡಂ, ನಿಮ್ಮ ಮೂಗು ಮುಗಿಲಿಗೆ ಹೋಗೈತಿ. ಕೆಳಗ ಯಾರೋ ಬೇಕಂತಲೇ ಹೊಗೆ ಹಾಕಿದಂಗೈತಿ. ತಪ್ಪು ಅಂತ ಗುರುತು ಹಾಕ್ತಿದೀನಿ.”

“ಹಾಕ್ಬ್ಯಾಡ! ಹೊಗೆ ಹಾಕಿರೋಳು ನಾನೇ.” ಕೆಮ್ಮಿನ ನಡುವೆ ಮಾತು ಹೊರಡುತ್ತಿರಲಿಲ್ಲ. “ಮನಿಯೊಳಗ ಘಾಟು ತುಂಬಿ ಮಗೀಗೆ ಉಸಿರು ನಿಲ್ತಾ ಐತಿ. ಹೊರಗ ಗಾಳಿ ಚಲೋ ಐತಿ. ಪಟ್ಟಿ ಔಷಧಿ ಬಿಡ್ತಿಲ್ಲ.”

ಆ ಕಡೆ ಕೀಲಿಮಣೆಯ ಟಕಟಕ ಸದ್ದು ನಿಂತಿತು.

“ತಿಪ್ಪೇಶ, ಕೈ ಮುಗಿತೀನಿ.”

“ಆ ಮೂಗಿಗೆ ಇನ್ನೊಂದು ಪಟ್ಟಿ ಐತಲ್ಲ ಮೇಡಂ. ವಯಸ್ಸಾದೋರು. ಅವರಿಗೂ ಬೀಳ್ತೈತಿ.”

ಅವನು ಹೇಳುವವರೆಗೂ ಈರಣ್ಣಜ್ಜ ನನ್ನ ನೆನಪಿಗೇ ಬಂದಿರಲಿಲ್ಲ. ಕಟ್ಟೆಯ ಮೇಲಿಂದ ನೋಡಿದೆ. ಎದುರು ಜಗಲಿಯ ಮೇಲೆ ಅಜ್ಜ ಚಾ ಕಪ್ಪು ಪಕ್ಕಕ್ಕಿಟ್ಟು, ನಮ್ಮ ಜಗಲಿಯ ಗಲಾಟೆ ಕಂಡು ಏಳಲು ಹೊರಟಿದ್ದರು. ಎಪ್ಪತ್ತು ದಾಟಿದ ಎದೆ. ಬೇಡದ ಔಷಧಿ.

“ಗೊತ್ತೈತಿ,” ಎಂದೆ. “ಬಿಡು.”

ಉಸಿರೆಳೆದುಕೊಂಡ ಸದ್ದು ಕೇಳಿಸಿತು. “ಜರಡಿ ನಾನೇ ತೆಗೆದೆ ಮೇಡಂ,” ಎಂದ.

ಪುಟ್ಟ ಗುರುತು ತಿರುಗುವುದು ನಿಂತಿತು. ಕೆಳಗಿನಿಂದ ಅತ್ತಿಗೆಯ ಕೂಗು ಬಂತು, “ನಡುಗ್ತು! ಪಟ್ಟಿ ನಡುಗ್ತು!” ಅದೇ ಗಳಿಗೆಯಲ್ಲಿ ಎದುರು ಜಗಲಿಯ ಮೇಲೆ ಅಜ್ಜ ಥಟ್ಟನೆ ತೋಳು ಹಿಡಿದುಕೊಂಡು ಕೂತುಬಿಟ್ಟರು. ಓಣಿಯಲ್ಲಿ ದಡಬಡ ಕಿಟಕಿಗಳು ಮುಚ್ಚಿಕೊಂಡವು. “ಕೆಂಪಾತು, ಕೆಂಪಾತು,” ಎಂದು ಯಾರೋ ಕೂಗುತ್ತಿದ್ದರು.

ನಾನು ವೇಲನ್ನು ಕಿತ್ತೆಸೆದು, ಬಾಂಡ್ಲಿಯನ್ನು ತೊಟ್ಟಿಯ ನೀರಿಗೆ ಮುಳುಗಿಸಿ ಕೆಳಗಿಳಿದೆ. ಜಗಲಿಯ ಮೇಲೆ ಇಂಚರ ಅಪ್ಪನ ಭುಜಕ್ಕೆ ಒರಗಿದ್ದಳು. ಸಿಳ್ಳೆ ಇನ್ನೂ ಇತ್ತು, ಆದರೆ ಈಗ ಅದರ ನಡುವೆ ಗಾಳಿ ಹೋಗುತ್ತಿತ್ತು, ಬರುತ್ತಿತ್ತು. ತುಟಿಯ ಅಂಚಿಗೆ ರಕ್ತ ಮರಳುವುದನ್ನು ನೋಡಿದೆ. ಅವಳು ಕಣ್ಣು ತೆರೆದು ನನ್ನ ಮಸಿ ಮೆತ್ತಿದ ಮುಖ ನೋಡಿದಳು. ನಗಲು ಶಕ್ತಿ ಇರಲಿಲ್ಲ.

ಆಂಬುಲೆನ್ಸ್ ಬಂತು. ಅಣ್ಣ ಮಗಳನ್ನು ಒಳಗೆ ಮಲಗಿಸಿ ಪಕ್ಕದಲ್ಲಿ ಕೂತ. ಅತ್ತಿಗೆ ಒಂದು ಕಾಲು ಒಳಗಿಟ್ಟವಳು ತಿರುಗಿ ನನ್ನ ಕಡೆ ಕೈ ಚಾಚಿದಳು.

“ಬಾ ಉಚ್ಚೆಂಗವ್ವ.”

“ನೀವು ನಡೀರಿ. ಅಜ್ಜಗೂ ಒಂದು ಗಾಡಿ ಕಳ್ಸಾಕ ಹೇಳ್ರಿ,” ಎಂದೆ. ಅವಳು ಎದುರು ಜಗಲಿಯ ಕಡೆ ನೋಡಿದಳು, ಆಮೇಲೆ ತನ್ನ ಖಾಲಿ ಸೆರಗನ್ನು ನೋಡಿಕೊಂಡಳು. ಗಾಡಿ ಹತ್ತಿದಳು.

ನಾನು ಬೀದಿ ದಾಟಿ ಅಜ್ಜನ ಪಕ್ಕದಲ್ಲಿ ಕೂತು ಅವರ ಮಣಿಕಟ್ಟು ಹಿಡಿದೆ. ನಾಡಿ ಹುಚ್ಚುಕುದುರೆಯಂತೆ ಓಡುತ್ತಿತ್ತು. ಬೆರಳುಗಳು ನನ್ನ ಅಂಗೈಯಲ್ಲಿ ಅದುರುತ್ತಿದ್ದವು.

“ಮಗು ಹೆಂಗೈತಿ?” ಎಂದರು.

“ಉಸಿರಾಡಾಕ ಹತ್ತೈತಿ.”

“ಇವತ್ತು ಭಾರಿ ಹೊಡ್ಕಂತೈತಿ ನನ್ನೆದಿ. ಒಳಗ ಹೋಗಿ ಬಾಗ್ಲು ಹಾಕ್ಕಂತೀನಿ ತಾಯಿ. ಅಷ್ಟು ಕೆಟ್ಟೈತೇನು ಗಾಳಿ?”

ಅವರ ತೋಳಿನ ಪಟ್ಟಿ ಇನ್ನೂ ಕೆಂಪಗಿತ್ತು. ಬೀದಿಯ ಎಲ್ಲ ಕಿಟಕಿಗಳೂ ಮುಚ್ಚಿದ್ದವು.

“ಇಲ್ಲಜ್ಜ, ಗಾಳಿ ಚಲೋ ಐತಿ,” ಎಂದೆ. “ಕೆಟ್ಟೈತಿ ಅಂತ ಸುಳ್ಳು ಹೇಳಿದೋಳು ನಾನು. ಕೂತ್ಕರಿ. ಇಲ್ಲೇ ಹೊರಗ ಕೂತ್ಕರಿ.”

ಏಳಲು ಊರಿದ್ದ ಕೈಯನ್ನು ಅಜ್ಜ ಮಡಿಲಿಗೆ ಎಳೆದುಕೊಂಡರು. ಏನು ಅರ್ಥ ಮಾಡಿಕೊಂಡರೋ ಗೊತ್ತಿಲ್ಲ, ಏಳಲಿಲ್ಲ. ಎರಡನೇ ಆಂಬುಲೆನ್ಸಿಗೆ ಕಿವಿಗೊಟ್ಟು, ಆ ನಾಡಿಯ ಮೇಲೆ ಬೆರಳಿಟ್ಟುಕೊಂಡು ನಾನು ಕೂತೇ ಇದ್ದೆ.